ಬಾಣದ ಗುರುತಿನ ಲಾರಿಗೆ ಹುಟ್ಟಿದ ದಿನ ಯಾವುದು?

ಈ ಸಲ ಹುಣ್ಣಿಮೆಗೆ ಹುಲಿಗಿಗೆ ಹೋದಾಗ ಅಮ್ಮನ ದರ್ಶನಕ್ಕಿಂತ ಮೊದಲು ಆಗಿದ್ದು ಒಂದು ಲಾರಿಯ ದರ್ಶನ! ನಮ್ಮ ಕಾಕಾನ ಮಗ ಒಂದು ಹಳೇ ಶಕ್ತಿಮಾನ್ ಕೊಂಡಿದ್ದಾನೆ ಅಂತ ಫೋನಿನಲ್ಲಿ ಕೇಳಿದ್ದೆ, ನಂಬಿರಲಿಲ್ಲ. ಹಿಟ್ನಾಳದ ಕಡೆಯ ಅವರ ಹೊಲದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು. ಹಿಂದಿನ ಡಬ್ಬಿಗೆ ಕಿಟಕಿ ಕೊರೆಸಿದ್ದ. ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಮೇಲೆ ನೀರಿನ ಟ್ಯಾಂಕು, ಗೋಡೆಗೆ ಹುಲಿಗೆಮ್ಮನ ಫೋಟೋ. ಚಿಗವ್ವ ಆಗಲೇ ಒಳಗೆ ಕೂತು ಅವಲಕ್ಕಿ ಹಚ್ಚುತ್ತಿದ್ದಳು.

"ಅಣ್ಣಾ, ಇದರಾಗ ಅವ್ವನ್ನ ಕಾಶಿತನಕ ಕರ್ಕೊಂಡ್ ಹೋಗ್ಬೇಕಂತ ಮಾಡೀನಿ. ಎಲ್ಲಾ ರೆಡಿ ಐತಿ. ನಂಬರ್ ಒಂದು ಇಲ್ಲ ನೋಡು" ಅಂದ.

ನಂಬರ್ ಒಂದು ಇಲ್ಲ! ಮದುವೆ ಎಲ್ಲಾ ರೆಡಿ, ಹುಡುಗಿ ಒಂದು ಸಿಗಬೇಕು ಅಂದ ಹಾಗೆ.

ನಾನು ಬಹಳ ವರ್ಷ ವಾಹನ ವಿಮೆಯ ಸರ್ವೇಯರೊಬ್ಬರ ಹತ್ತಿರ ಗುಮಾಸ್ತನಾಗಿದ್ದವನು. ಪುಡಿಪುಡಿಯಾದ ಲಾರಿಗಳ ಫೋಟೋ ಅಂಟಿಸಿ ವರದಿ ಟೈಪ್ ಮಾಡುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಯಾರಿಗೆ ಗಾಡಿಯ ಕಾಗದದ ತಕರಾರು ಬಂದರೂ ನನ್ನ ಹತ್ತಿರ ಬರುತ್ತಾರೆ. "ಕಾಗದ ತೋರಿಸು" ಅಂದೆ. ಒಂದು ಪ್ಲಾಸ್ಟಿಕ್ ಚೀಲ ತಂದ. ಅದರಲ್ಲಿ ಸೈನ್ಯದ ಡಿಪೋದಲ್ಲಿ ಹರಾಜಿನಲ್ಲಿ ಕೂಗಿದವನ ಹೆಸರಿನ ಒಂದು ಜೆರಾಕ್ಸು, ಆಮೇಲೆ ಎರಡು ಕೈ ಬದಲಾಗಿದ್ದಕ್ಕೆ ಎರಡು ಬಿಳಿ ಹಾಳೆಯ ರಶೀದಿ. ಅಷ್ಟೇ. ಆರ್‌ಸಿ ಇಲ್ಲ, ಹಳೇ ಪಾಲಿಸಿ ಇಲ್ಲ, ತೆರಿಗೆ ಕಟ್ಟಿದ ಚೀಟಿ ಇಲ್ಲ. ಮೂವತ್ತು ವರ್ಷ ಓಡಿದ ಗಾಡಿಗೆ ಹುಟ್ಟಿದ ದಿನವೇ ಇಲ್ಲ.

ಇದು ಯಾರದೋ ಮೋಸ ಅಂತ ಅವನು ತಿಳಿದಿದ್ದ. ಅಲ್ಲ. ಮಿಲ್ಟ್ರಿ ಗಾಡಿಯ ಜಾತಕವೇ ಹಾಗೆ. ಅದನ್ನು ಅವನಿಗೆ ಹೇಳುತ್ತಾ ಹೇಳುತ್ತಾ ನನಗೇ ಒಂದು ಇತಿಹಾಸ ಬಿಚ್ಚಿಕೊಂಡಿತು. ಅದನ್ನೇ ಇಲ್ಲಿ ಬರೆದಿಡೋಣ ಅಂತ ಕೂತಿದ್ದೇನೆ.

ಸೈನ್ಯದ ಗಾಡಿಯ ನಂಬರ್ ಪ್ಲೇಟ್ ನೀವು ನೋಡಿರುತ್ತೀರಿ. ಮೊದಲು ಮೇಲ್ಮುಖದ ಒಂದು ಬಾಣ, ಆಮೇಲೆ ವರ್ಷದ ಎರಡು ಅಂಕಿ, ಆಮೇಲೆ ಒಂದು ಅಕ್ಷರ, ಕ್ರಮಸಂಖ್ಯೆ. ಅದರಲ್ಲಿ ಕೆಎ ಇಲ್ಲ, ಎಂಎಚ್ ಇಲ್ಲ, ಯಾವ ಊರೂ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 60ನೇ ಕಲಮಿನಲ್ಲಿ ಇದಕ್ಕೆ ಜಾಗ ಇದೆ: ದೇಶದ ರಕ್ಷಣೆಗೆ ಬಳಸುವ ಕೇಂದ್ರ ಸರ್ಕಾರದ ವಾಹನವನ್ನು ಸರ್ಕಾರವೇ ನೇಮಿಸಿದ ಪ್ರಾಧಿಕಾರ ನೋಂದಾಯಿಸಿಕೊಳ್ಳುತ್ತದೆ, ಬೇರೆ ನೋಂದಣಿ ಬೇಕಿಲ್ಲ. ಹಾಗೆಯೇ 146ನೇ ಕಲಮಿನಲ್ಲಿ, ವ್ಯಾಪಾರಕ್ಕೆ ಸಂಬಂಧವಿಲ್ಲದ ಸರ್ಕಾರಿ ವಾಹನಕ್ಕೆ ವಿಮೆ ಕಡ್ಡಾಯವಿಲ್ಲ. ಅಂದರೆ ಸೈನ್ಯದಲ್ಲಿ ಇರುವ ತನಕ ಈ ಲಾರಿ ಯಾವ ಆರ್‌ಟಿಓ ಕಚೇರಿಯ ಮೆಟ್ಟಿಲೂ ಹತ್ತಿಲ್ಲ, ಒಂದು ರೂಪಾಯಿ ಪ್ರೀಮಿಯಂ ಕಟ್ಟಿಲ್ಲ. ಯಾರಿಗಾದರೂ ಗುದ್ದಿದ್ದರೆ ಸರ್ಕಾರವೇ ಹೊಣೆ. ಅದೇ 60ನೇ ಕಲಂ ಮುಂದೆ ಹೇಳುತ್ತದೆ, ಗಾಡಿ ಸರ್ಕಾರದ ಕೈ ಬಿಟ್ಟ ಕೂಡಲೇ ಉಳಿದವರಿಗೆ ಇರುವ ಕಾನೂನೇ ಅದಕ್ಕೂ. ಬಾಣ ಅಳಿಸಿದ ದಿನ ಅದು ಕೂಸು. ಮೂವತ್ತು ವರ್ಷದ ಕೂಸು!

ಈಗ ಸ್ವಲ್ಪ ಹಿಂದೆ ಹೋಗೋಣ.

ನಮ್ಮಲ್ಲಿ ವಾಹನ ವಿಮೆ ಕಡ್ಡಾಯ ಆಗಿದ್ದು ಯಾವಾಗ ಗೊತ್ತಾ? ಕಾಯಿದೆ ಬಂದಿದ್ದು 1939ರಲ್ಲಿ. ಆದರೆ ಅದರ ಎಂಟನೇ ಅಧ್ಯಾಯ, ಅಂದರೆ ಥರ್ಡ್ ಪಾರ್ಟಿ ವಿಮೆಯ ಅಧ್ಯಾಯ, ಜಾರಿಯಾಗಿದ್ದು 1946ರ ಜುಲೈ 1ರಂದು. ನಡುವೆ ಮಹಾಯುದ್ಧ ಬಂತು, ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಅದೇ 1946ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಯುದ್ಧ ಮುಗಿದು ಅಮೆರಿಕದ ಸೈನ್ಯ ವಾಪಸ್ ಹೊರಟಾಗ ಇಲ್ಲಿ ಉಳಿದಿದ್ದ ಸಾಮಾನನ್ನೆಲ್ಲ ಭಾರತ ಸರ್ಕಾರಕ್ಕೆ ಬಿಟ್ಟುಕೊಡುವ ಒಪ್ಪಂದ ಆ ವರ್ಷದ ಮೇ ತಿಂಗಳಲ್ಲಿ ಆಯಿತು. ಬ್ರಿಟಿಷರ ಸೈನ್ಯದ ಹೆಚ್ಚುವರಿ ಗಾಡಿಗಳು ಬೇರೆ. ಷೆವರ್ಲೆ, ಫೋರ್ಡ್, ಡಾಡ್ಜ್, ಜಿಎಂಸಿ ಲಾರಿಗಳು, ವಿಲ್ಲಿಸ್ ಜೀಪುಗಳು... ಇವನ್ನು ಮಾರುವುದಕ್ಕೆ ಸರ್ಕಾರದಲ್ಲಿ ಡಿಸ್ಪೋಸಲ್ಸ್ ಅಂತ ಒಂದು ಇಲಾಖೆಯೇ ಇತ್ತು. ಆ ಇಲಾಖೆಯ ಹೆಸರೇ ಗಾಡಿಯ ಹೆಸರಾಯಿತು. ಇವತ್ತಿಗೂ ನಮ್ಮ ಗ್ಯಾರೇಜಿನ ಮಿಸ್ತ್ರಿಗಳು "ಡಿಸ್ಪೋಸಲ್ ಗಾಡಿ" ಅಂತಲೇ ಅನ್ನುವುದು.

ಅಂದರೆ ನಾಗರಿಕರ ರಸ್ತೆಗೆ ಸೈನ್ಯದ ಲಾರಿಗಳ ಹಿಂಡು ಇಳಿದ ವರ್ಷವೂ ಅದೇ, ರಸ್ತೆಯಲ್ಲಿ ಓಡುವ ಪ್ರತಿ ಗಾಡಿಗೂ ವಿಮೆ ಇರಲೇಬೇಕು ಅಂತ ಆದ ವರ್ಷವೂ ಅದೇ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಕೂಡಿ ಬಂತು. ಆಗ ಹೊಸ ಲಾರಿ ಸಿಗುವುದೇ ಕಷ್ಟ. ಟಾಟಾದವರು ಬೆಂಜ್ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. ಅಲ್ಲಿಯವರೆಗೆ ಡಿಸ್ಪೋಸಲ್ ಗಾಡಿಗೆ ದೊಡ್ಡ ಬೆಲೆ. ಚಾಸಿ ಮೇಲೆ ಮರದ ಬಾಡಿ ಕಟ್ಟಿಸಿದರೆ ಬಸ್ಸು, ಹಲಗೆ ಕಟ್ಟಿಸಿದರೆ ಲಾರಿ. ಮಲೆನಾಡಿನಲ್ಲಿ ಎಡಗಡೆ ಸ್ಟೇರಿಂಗಿನ ಜೀಪುಗಳು ಕಾಫಿ ತೋಟಗಳಲ್ಲಿ ದಶಕಗಟ್ಟಲೆ ಓಡಿದವು. ಎಡಗಡೆ ಸ್ಟೇರಿಂಗಿನ ಗಾಡಿಯಲ್ಲಿ ಕೈ ಸನ್ನೆಗೆ ಬದಲು ಒಂದು ಸಾಧನ ಇರಬೇಕು ಅನ್ನುವ ಮಾತು ಇವತ್ತಿನ ಕಾಯಿದೆಯ 120ನೇ ಕಲಮಿನಲ್ಲಿಯೂ ಉಳಿದುಕೊಂಡಿದೆ.

ನಮ್ಮ ಹುಲಿಗಿಯ ಮಟ್ಟಿಗೆ ಇದರಲ್ಲಿ ಇನ್ನೊಂದು ಗಂಟು ಇತ್ತು. ನಡುವೆ ತುಂಗಭದ್ರೆ. ಆಚೆ ದಂಡೆ ಹೊಸಪೇಟೆ, ಮದ್ರಾಸ್ ಪ್ರಾಂತ್ಯ. ಈಚೆ ದಂಡೆ ಹುಲಿಗಿ, ಮುನಿರಾಬಾದ್, ಕೊಪ್ಪಳ, ನಿಜಾಮನ ಹೈದರಾಬಾದ್ ಸಂಸ್ಥಾನ. ಕೊಪ್ಪಳ ಅಂತೂ ಸಾಲಾರ್ ಜಂಗ್ ಅವರ ಜಹಗೀರು. ಅಣೆಕಟ್ಟಿಗೆ ಕೂಡ 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಬೇರೆ ಬೇರೆ ಅಡಿಗಲ್ಲು: ಈಚೆ ಬೀರಾರಿನ ರಾಜಕುಮಾರ, ಆಚೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಬ್ರಿಟಿಷ್ ಭಾರತದ 1939ರ ಕಾಯಿದೆ ಹೊಳೆಯ ಮಧ್ಯಕ್ಕೇ ನಿಲ್ಲುತ್ತಿತ್ತು. ಈಚೆ ನಿಜಾಮ ಸರ್ಕಾರದ್ದೇ ಬೇರೆ ನಿಯಮ. ಬಸ್ಸು ಕೂಡ ಸರ್ಕಾರದ್ದೇ. ನಿಜಾಮ್ ರೈಲ್ವೆಯವರು 1932ರಲ್ಲಿ 27 ಬಸ್ಸು ಇಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡಿದ್ದರು. ಹಾಗಾಗಿ 1946ರ ಜುಲೈ ಆದಮೇಲೆ ಹೊಸಪೇಟೆಯ ಡಿಸ್ಪೋಸಲ್ ಲಾರಿಗೆ ಒಂದು ಕಾನೂನಿನ ಲೆಕ್ಕ, ಹೊಳೆ ದಾಟಿ ಹುಲಿಗಿಗೆ ಬಂದರೆ ಇನ್ನೊಂದು ಲೆಕ್ಕ.

1948ರ ಸೆಪ್ಟೆಂಬರ್ 13ರಂದು ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಹೊಸಪೇಟೆ ಕಡೆಯಿಂದ ಮೈಸೂರು ಪದಾತಿದಳ ಬಂತು. ಆಗ ಈ ದಂಡೆಗೆ ದಾಟಿದ ಸೈನ್ಯದ ಗಾಡಿಗಳಿಗೆ ಯಾರೂ ಪರ್ಮಿಟ್ ಕೇಳಲಿಲ್ಲ, ಅದು ಬೇರೆ ಮಾತು! 1939ರ ಕಾಯಿದೆ ಹೈದರಾಬಾದ್ ಪ್ರದೇಶಕ್ಕೂ ಅನ್ವಯವಾಗಿದ್ದು 1951ರಲ್ಲಿ. ಹೊಸಪೇಟೆ 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಬಂತು, ನಾವು 1956ರ ನವೆಂಬರಿನಲ್ಲಿ. ಆದರೂ ಹೊಳೆಯ ಗೆರೆ ನಂಬರ್ ಪ್ಲೇಟಿನಲ್ಲಿ ಇನ್ನೂ ಹೋಗಿಲ್ಲ ನೋಡಿ: ಆಚೆ ಕೆಎ-35, ಈಚೆ ಕೆಎ-37.

ಇಷ್ಟು ಹೇಳುವ ಹೊತ್ತಿಗೆ ತಮ್ಮನಿಗೆ ಬೇಸರ ಬಂದಿತ್ತು. "ಅಣ್ಣಾ, ನಿಜಾಮಂದು ಬಿಡು. ನನ್ನ ಗಾಡಿಗೆ ನಂಬರ್ ಸಿಗತೈತೋ ಇಲ್ಲೋ?"

ಬರುತ್ತೇನೆ ತಡಿ ಅಂದೆ.

ಅವನ ಗಾಡಿ ಶಕ್ತಿಮಾನ್. ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಿಂದ ತಯಾರಾದದ್ದು. ಆಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್. ಆಮೇಲೆ ಅಲ್ಲಿಯೇ ವಾಹನಕ್ಕೆಂದೇ ಬೇರೆ ಕಾರ್ಖಾನೆಯಾಯಿತು. 1996ರ ತನಕ ಬಂತು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಲಾರಿ. ಹರಾಜಿನಲ್ಲಿ ಬಂದ ಮೇಲೆ ಕೇರಳ, ಮಲೆನಾಡುಗಳಲ್ಲಿ ಮರದ ದಿಮ್ಮಿ ಎಳೆಯಲು ಇದಕ್ಕೆ ಸಮ ಇನ್ನೊಂದಿರಲಿಲ್ಲ. ಕಾಡಿನ ದಾರಿಯಲ್ಲಿ ಓಡಿದವಕ್ಕೆ ಎಷ್ಟಕ್ಕೆ ಕಾಗದ ಇತ್ತೋ ಅಮ್ಮನೇ ಬಲ್ಲಳು.

ಕಾಗದದ ದಾರಿ ಇದೆ. ಕೇಂದ್ರ ಮೋಟಾರು ವಾಹನ ನಿಯಮ 1989ರ 47ನೇ ನಿಯಮದಲ್ಲಿ, ನೋಂದಣಿ ಅರ್ಜಿಗೆ ಏನೇನು ಲಗತ್ತಿಸಬೇಕು ಅನ್ನುವ ಪಟ್ಟಿಯಲ್ಲಿ, ಮಾಜಿ ಸೈನ್ಯದ ವಾಹನ ಅಂತ ಹೆಸರು ಹಿಡಿದೇ ಹೇಳಿದ್ದಾರೆ. ಅದಕ್ಕೆ ಸಂಬಂಧಪಟ್ಟ ಅಧಿಕಾರಿಯಿಂದ ಮೂಲ ಮಾರಾಟ ಪತ್ರ ಬೇಕು. ಮೂಲ! ಜೆರಾಕ್ಸ್ ಅಲ್ಲ. ಅದೇ ಆ ಕೂಸಿನ ಜನನ ಪತ್ರ. ಹರಾಜಿನಲ್ಲಿ ಕೊಂಡವನು ತನ್ನ ಹೆಸರಿಗೆ ನೋಂದಣಿ ಮಾಡಿಸಿ ಆಮೇಲೆ ಮಾರಿದ್ದರೆ ತಾಪತ್ರಯವೇ ಇರಲಿಲ್ಲ. ಅವನು ತೆರಿಗೆ ಉಳಿಸಲು ಬಿಳಿ ಹಾಳೆಯಲ್ಲಿ ಮಾರಿದ, ಮುಂದಿನವನೂ ಹಾಗೇ ಮಾರಿದ. ಈಗ ಮೊದಲಿನವನು ಎಲ್ಲಿದ್ದಾನೆ ಅಂತ ಹುಡುಕಬೇಕು.

ಅದೇ ಪಟ್ಟಿಯಲ್ಲಿ ಇನ್ನೊಂದು ಬೇಡಿಕೆ ಇದೆ: ವಿಮೆಯ ಪ್ರಮಾಣಪತ್ರ. ನೋಂದಣಿಗೆ ವಿಮೆ ಬೇಕು. ವಿಮೆಯವನು ಕೇಳುತ್ತಾನೆ, ಗಾಡಿ ಯಾವ ವರ್ಗ? ವರ್ಗ ಗೊತ್ತಾಗುವುದು ನೋಂದಣಿ ಆದ ಮೇಲೆ. ಹೊಸ ಗಾಡಿಗೆ ಷೋರೂಮಿನವನ ಬಿಲ್ಲಿನಲ್ಲೇ ಎಲ್ಲಾ ಬರೆದಿರುತ್ತದೆ, ಯಾರಿಗೂ ಇದು ಗಂಟಾಗಿ ಕಾಣುವುದಿಲ್ಲ. ಇಂಥ ಗಾಡಿಗೆ ಚಾಸಿ ನಂಬರು, ಎಂಜಿನ್ ನಂಬರು ಉಜ್ಜಿ ಪೆನ್ಸಿಲ್ ಅಚ್ಚು ತೆಗೆದು ಅದರ ಮೇಲೆ ಕವರ್ ನೋಟ್ ಕೊಡಿಸುವುದನ್ನು ನಾನೇ ನೋಡಿದ್ದೇನೆ. ಬೆಲೆ ಎಷ್ಟು ಅಂತ ಕಟ್ಟಬೇಕು? ಐದು ವರ್ಷ ದಾಟಿದ, ಉತ್ಪಾದನೆ ನಿಂತುಹೋದ ಗಾಡಿಗೆ ಮಾಲೀಕ ಮತ್ತು ಕಂಪನಿ ಕೂತು ಒಪ್ಪಿದ್ದೇ ಬೆಲೆ.

ವರ್ಗದ ಮೇಲೆ ದುಡ್ಡು ಎಷ್ಟು ಏರುಪೇರು ಆಗುತ್ತದೆ ಅಂತ ಒಂದು ಲೆಕ್ಕ ಕೊಡುತ್ತೇನೆ. 2022ರ ಜೂನ್ 1ರಿಂದ ಜಾರಿಯಾದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 1500 ಸಿಸಿ ಮೇಲಿನ ಖಾಸಗಿ ಕಾರಿಗೆ ವರ್ಷಕ್ಕೆ 7,897 ರೂಪಾಯಿ. ಒಟ್ಟು ತೂಕ 7500ರಿಂದ 12000 ಕೆಜಿ ಇರುವ ಸಾಮಾನಿನ ಲಾರಿಗೆ 27,186. ಇವೆರಡೂ ಅಲ್ಲದ ಗಾಡಿಗಳಿಗೆ 2002ರ ಮೋಟಾರು ಟ್ಯಾರಿಫ್ ಪುಸ್ತಕದಲ್ಲಿ "ಇತರೆ ಮತ್ತು ವಿಶೇಷ ಬಗೆ" ಅಂತ ಒಂದು ಕೋಣೆ ಇದೆ. ಆಂಬುಲೆನ್ಸು, ಹೆಣದ ಗಾಡಿ, ಓಡಾಡುವ ಕ್ಯಾಂಟೀನು ಎಲ್ಲಾ ಅಲ್ಲಿವೆ. ಮನೆ? ಮನೆಯನ್ನು ಗಾಡಿ ಅಂತ ಯಾರು ಅಂದುಕೊಂಡಿದ್ದರು!

ಕಾನೂನಿಗೆ ಮೊದಲಿನಿಂದ ಎರಡೇ ಪ್ರಶ್ನೆ: ನೀನು ಸಾಮಾನು ಹೊರುತ್ತೀಯೋ, ಜನ ಹೊರುತ್ತೀಯೋ? ಮೂರನೆಯ ಉತ್ತರಕ್ಕೆ ಜಾಗ ಕಂಡಿದ್ದು 2004ರ ನವೆಂಬರ್ 5ರ ಕೇಂದ್ರದ ಅಧಿಸೂಚನೆಯಲ್ಲಿ. ಬಾಡಿಗೆ ಸಾರಿಗೆ ಅಲ್ಲದ ವಾಹನಗಳ ಪಟ್ಟಿಯಲ್ಲಿ, ಟ್ರ್ಯಾಕ್ಟರು, ಕ್ರೇನು, ಕೆಟ್ಟ ಗಾಡಿ ಎಳೆಯುವ ವ್ಯಾನುಗಳ ಸಾಲಿನಲ್ಲಿ, "ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್" ಅಂತ ಒಂದು ಸಾಲು ಸೇರಿತು. ಆಮೇಲೆ ಮೋಟಾರ್ ಕ್ಯಾರವಾನಿಗೆ ಎಐಎಸ್-124 ಅಂತ ಮಾನದಂಡವೂ ಬಂತು. ಆದರೆ ಅದು ಕಾರ್ಖಾನೆಯಲ್ಲಿ ಮಾಡಿ ಪರೀಕ್ಷೆಗೆ ಕೊಡುವವರಿಗೆ ಹೊಂದುವ ದಾರಿ, ಬೇವಿನ ಮರದ ಕೆಳಗೆ ವೆಲ್ಡಿಂಗ್ ಮಾಡಿಸುವವರಿಗಲ್ಲ. ಮೇಲಾಗಿ 52ನೇ ಕಲಂ: ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು. 2019ರ ಜನವರಿ 9ರಂದು ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿತು. 1946ರಲ್ಲಿ ಚಾಸಿ ತಂದು ಬಡಗಿಯ ಹತ್ತಿರ ಬಾಡಿ ಕಟ್ಟಿಸಿದ ಕಾಲ ಮುಗಿಯಿತು ಅಂತಲೇ ಅನ್ನಬೇಕು.

ಇದೆಲ್ಲಾ ಅಧಿಕಾರಿಗಳ ಕಿರಿಕಿರಿ ಅಂತ ತಮ್ಮ ಗೊಣಗಿದ. "ಕೊಲ್ಲಾರಿ ಬಂಡ್ಯಾಗ ಬರ್ತಿದ್ದಿಲ್ಲೇನು ಮಂದಿ? ಲಾರಿ ಕಟ್ಕೊಂಡು ಬರಂಗಿಲ್ಲೇನು? ಅವರಿಗೆ ಯಾರ್ ಕೇಳ್ಯಾರ?"

ಅವನು ಹೇಳಿದ್ದು ಖರೆ. ಹುಲಿಗಿಗೆ ಬರುವ ಜನ ಯಾವಾಗಲೂ ಗಾಡಿಯಲ್ಲೇ ಸಂಸಾರ ಹೂಡಿದವರು. ಬಂಡಿಯ ಕೆಳಗೆ ಮಲಗಿದರು, ಲಾರಿಯ ಮೇಲೆ ತಾಡಪತ್ರಿ ಎಳೆದು ಮಲಗಿದರು, ಹೊಳೆ ದಂಡೆಯಲ್ಲಿ ಮೂರು ಕಲ್ಲಿಟ್ಟು ಹೋಳಿಗೆ ಮಾಡಿ ಪಡ್ಡಲಗಿ ತುಂಬಿಸಿದರು. ಈಗಲೂ ಜಾತ್ರೆಯಲ್ಲಿ ಬಾಳೆ ದಂಡಿಗೆ ನೋಡಲು ಬಂದ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಇಡೀ ಮನೆಯೇ ಇರುತ್ತದೆ, ಕೂಸಿನ ತೊಟ್ಟಿಲ ಸಮೇತ.

ಆದರೆ ಯಾರೂ ಕೇಳಲ್ಲ ಅನ್ನುವುದು ಸುಳ್ಳು. ಕೇಳುವ ದಿನ ಬರುತ್ತದೆ. ನಾನು ಹುಡುಗನಿದ್ದಾಗ ನಮ್ಮ ಓಣಿಯವರು ಲಾರಿ ಮಾಡಿಕೊಂಡು ಹುಲಿಗಿಗೆ ಬಂದು ತಿರುಗಿ ಹೋಗುವಾಗ ರಾತ್ರಿ ಲಾರಿ ಪಲ್ಟಿಯಾಯಿತು. ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಹೋದರು. ನನಗೆ ಅವರು ಬತ್ತಾಸು ಕೊಡುತ್ತಿದ್ದದ್ದು ನೆನಪು. ದೊಡ್ಡವ್ವ ಕೋರ್ಟಿಗೆ ಏಳು ವರ್ಷ ತಿರುಗಿದಳು. ವಿಮೆಯ ಕಂಪನಿ ಹೇಳಿದ್ದು ಒಂದೇ ಮಾತು: ಇದು ಸಾಮಾನಿನ ಗಾಡಿ, ಇದರಲ್ಲಿ ಕೂತ ಜನಕ್ಕೆ ನಾವು ಹೊಣೆಯಲ್ಲ. ಲಾರಿ ಮಾಲೀಕ ಕೊಡಬೇಕು ಅಂತ ಆಯಿತು, ಅವನ ಹತ್ತಿರ ಏನೂ ಇರಲಿಲ್ಲ. ನಾನು ಆಮೇಲೆ ಆ ಕೆಲಸಕ್ಕೇ ಸೇರಿದ್ದು ವಿಧಿಯೋ ಏನೋ.

ಈ ಮಾತಿನ ಮೇಲೆ ಸುಪ್ರೀಂ ಕೋರ್ಟೇ ಅತ್ತ ಇತ್ತ ಹೊಯ್ದಾಡಿದೆ. 1998ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಹಳೇ ಕಾಯಿದೆಯ ಪ್ರಕಾರ ಸಾಮಾನಿನ ಗಾಡಿಯಲ್ಲಿ ಬಾಡಿಗೆ ಕೊಟ್ಟು ಕೂತವರಿಗೆ ವಿಮೆ ಇಲ್ಲ ಅಂತು. 1999ರ ಡಿಸೆಂಬರಿನಲ್ಲಿ, ಹೊಸ ಕಾಯಿದೆಯಲ್ಲಿ ಪುಕ್ಕಟೆ ಕೂತವರಿಗೂ ಇದೆ ಅಂತು. ಮೂರು ವರ್ಷ ಬಿಟ್ಟು 2002ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಅದನ್ನು ತಿರುಗಿಸಿ, ಇಲ್ಲ ಅಂತು. 1994ರ ತಿದ್ದುಪಡಿಯಿಂದ ಸಾಮಾನಿನ ಒಡೆಯ ಅಥವಾ ಅವನ ಪ್ರತಿನಿಧಿ ಜೊತೆಗೆ ಕೂತಿದ್ದರೆ ಅವನಿಗೆ ರಕ್ಷಣೆ ಇದೆ. ಅದಕ್ಕೇ ಅಪಘಾತವಾದ ಮೇಲೆ ಕ್ಲೇಮ್ ಕಾಗದದಲ್ಲಿ ಎಲ್ಲರೂ ಸಾಮಾನಿನ ಒಡೆಯರಾಗುತ್ತಾರೆ: ಒಬ್ಬನದು ಅಕ್ಕಿ ಚೀಲ, ಒಬ್ಬಳದು ಎರಡು ಕುರಿ, ಇನ್ನೊಬ್ಬರದು ಬರೀ ಪಾತ್ರೆ. ಅಂಥ ಫೈಲುಗಳನ್ನು ಟೈಪ್ ಮಾಡುವಾಗ ನನಗೆ ನಗು ಬರುತ್ತಿರಲಿಲ್ಲ.

ತಮ್ಮ ಸುಮ್ಮನಾದ. ಅವನಿಗೆ ಆ ದೊಡ್ಡಪ್ಪ ಗೊತ್ತಿಲ್ಲ, ಆದರೆ ದೊಡ್ಡವ್ವ ಗೊತ್ತು.

"ಹಂಗಾರ ಇದನ್ನ ಲಾರಿ ಅಂತ ನಂಬರ್ ಮಾಡಿಸಿದ್ರ ಅವ್ವ ಸಾಮಾನ ಆಗ್ತಾಳ?"

"ಸಾಮಾನೂ ಅಲ್ಲ. ಲೆಕ್ಕಕ್ಕೇ ಬರಂಗಿಲ್ಲ" ಅಂದೆ. ಎಷ್ಟೋ ಏಜೆಂಟರು "ಲಾರಿ ಅಂತ ಮಾಡಿಸ್ರಿ, ಆಮ್ಯಾಲ ಒಳಗ ಏನರ ಮಾಡ್ಕೋರಿ" ಅನ್ನುತ್ತಾರೆ. ಅದು ಅಗ್ಗವೂ ಅಲ್ಲ ಅಂತ ಮೇಲೆ ಲೆಕ್ಕ ಕೊಟ್ಟಿದ್ದೇನೆ. ಆರ್‌ಸಿಯಲ್ಲಿ ಎಷ್ಟು ಆಸನ ಬರೆದಿದೆ, ಬಾಡಿ ಯಾವ ಬಗೆ ಅಂತ ಬರೆದಿದೆ, ಪಾಲಿಸಿ ಯಾವ ವರ್ಗದ್ದು, ಮೂರೂ ಒಂದೇ ಮಾತು ಹೇಳಬೇಕು. ಹಿಂದಿನ ಮಂಚದಲ್ಲಿ ಮಲಗಿದವರು ಆ ಮೂರು ಕಾಗದದಲ್ಲಿಯೂ ಇರಬೇಕು.

ಬಾಗಿಲು ಇನ್ನೂ ಕಿರಿದಾಗುತ್ತಿದೆ ಅಂತಲೂ ಹೇಳಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ಮುಗಿದ ಸರ್ಕಾರಿ ವಾಹನಗಳ ನೋಂದಣಿಗೆ ನವೀಕರಣವಿಲ್ಲ, ಅವು ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ದೇಶದ ರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ ಅನ್ನುವುದು ನಿಜ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತದಲ್ಲ.

ಕೊನೆಗೆ ಹೀಗೆ ತೀರ್ಮಾನವಾಯಿತು. ಮೊದಲು ಹರಾಜಿನಲ್ಲಿ ಕೊಂಡವನನ್ನು ಹುಡುಕಿ ಮೂಲ ಪತ್ರ ತರುವುದು. ಅದು ಸಿಕ್ಕರೆ ಇನ್ನೊಂದು ಪೈಸೆ ವೆಲ್ಡಿಂಗಿಗೆ ಖರ್ಚು ಮಾಡದೆ, ಇದ್ದದ್ದನ್ನು ಇದ್ದ ಹಾಗೆ ಅರ್ಜಿಯ ಜೊತೆ ಕೊಪ್ಪಳದಲ್ಲಿ ತೋರಿಸುವುದು. ಸಿಗದಿದ್ದರೆ ಗಾಡಿ ಹೊಲ ಬಿಟ್ಟು ಕದಲಬಾರದು. ನಾನು ಭರವಸೆ ಏನೂ ಕೊಡಲಿಲ್ಲ. ಅವನು ಕೇಳಲೂ ಇಲ್ಲ.

ಆ ರಾತ್ರಿ ಚಿಗವ್ವ ಲಾರಿಯಲ್ಲೇ ಮಲಗಿದಳು. ಕಿಟಕಿಯಿಂದ ಹುಣ್ಣಿಮೆ ಬೆಳಕು ಒಳಗೆ ಬೀಳುತ್ತಿತ್ತು. "ಭಾಳ ತಂಪೈತೋ ಯಪ್ಪಾ, ಇದರಾಗ" ಅಂತ ಎರಡು ಸಲ ಅಂದಳು. ಬೆಳಿಗ್ಗೆ ಎದ್ದು ಮೂವರೂ ರಸ್ತೆಗೆ ಬಂದು, ಕುಷ್ಟಗಿ ಕಡೆಯಿಂದ ಬಂದ ಸರ್ಕಾರಿ ಬಸ್ಸು ಹತ್ತಿ ಹುಲಿಗಿಗೆ ಹೋದೆವು. ನಿಲ್ಲಲೂ ಜಾಗ ಇರಲಿಲ್ಲ.